ಬಿತ್ತನೆ ಭತ್ತವನ್ನ ಗದ್ದೆಯಲ್ಲೇ ಆರಿಸೋದು ಹೇಗೆ

ನಮ್ಮೂರಲ್ಲಿ ಒಬ್ರು ಮುಕ್ಕಾಲು ಎಕರೆಯಲ್ಲಿ ರತ್ನಚೂಡಿ ಅನ್ನೋ ನಾಟಿ ತಳಿ ಭತ್ತ ಬೆಳೆದು, ಮಿಲ್ ಮಾಡಿಸಿ, ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿಗೆ ನೇರವಾಗಿ ಅಕ್ಕಿ ಕಳ್ಸೋಕೆ ಶುರು ಮಾಡಿದ್ರು. ಮೊದಲ ವರ್ಷ ಚೆನ್ನಾಗಿ ಹೋಯ್ತು, ಎರಡನೇ ವರ್ಷ ಪರವಾಗಿಲ್ಲ, ಮೂರನೇ ವರ್ಷ ಬಿಳಿ ಅಕ್ಕಿ ಮಧ್ಯೆ ಕೆಂಪು ಕಾಳು ಎದ್ದು ಕಾಣೋಕೆ ಶುರುವಾಗಿ, ಇದು ಮಿಕ್ಸ್ ಮಾಡಿರೋ ಮಾಲು ಅಂತ ಎಂಟು ಮೂಟೆ ವಾಪಸ್ ಬಂತು. ಪಾಪ, ಅವರು ಏನೂ ಮಿಕ್ಸ್ ಮಾಡಿರ್ಲಿಲ್ಲ. ಪ್ರತಿ ವರ್ಷ ಒಕ್ಕಣೆ ಆದಮೇಲೆ ಕೈಗೆ ಸಿಕ್ಕಿದ ಒಂದು ಮೂಟೆನ ಬೀಜಕ್ಕೆ ಅಂತ ಪಕ್ಕಕ್ಕೆ ಎತ್ತಿಡ್ತಿದ್ರು, ಅಷ್ಟೇ.

ನಾಟಿ ತಳಿ ಬೆಳೆಯೋ ಹತ್ತರಲ್ಲಿ ಎಂಟು ಜನ ಮಾಡೋ ತಪ್ಪು ಇದೇನೇ. ಭತ್ತ ತನ್ನ ಪರಾಗ ತಾನೇ ಕಟ್ಕೊಳ್ಳೋ ಬೆಳೆ, ಪಕ್ಕದ ಗದ್ದೆ ಪರಾಗ ಬಂದು ಕೆಡಿಸೋದು ತೀರಾ ಕಮ್ಮಿ. ಬೆರಕೆ, ಅಂದ್ರೆ ಬೇರೆ ತಳಿ ಸೇರ್ಕೊಳ್ಳೋದು, ಬರೋದು ನಮ್ಮ ಕೈಯಿಂದಾನೇ. ಕಟಾವು ಮಿಷನ್ ಹಿಂದಿನ ಗದ್ದೇಲಿ ಕುಯ್ದ ಭತ್ತ ಹೊಟ್ಟೆಯಲ್ಲಿ ಇಟ್ಕೊಂಡೇ ನಿಮ್ಮ ಗದ್ದೆಗೆ ಇಳಿಯುತ್ತೆ, ಹೋದ ವರ್ಷ ಉದುರಿದ ಕಾಳು ಮತ್ತೆ ಮೊಳೆಯುತ್ತೆ, ಹಳೇ ಗೋಣಿಚೀಲದ ಮೂಲೇಲಿ ನಾಲ್ಕು ಕಾಳು ಇದ್ದೇ ಇರುತ್ತೆ.

ಮೊದಲ ಕೆಲಸ: ಜಾಗ

ಬೀಜಕ್ಕೆ ಅಂತಾನೇ ಒಂದು ಗುಂಟೆ ಬೇರೆ ಇಡಿ. ಎಕರೆಗೆ 12 ಕ್ವಿಂಟಲ್ ಅಂತ ಲೆಕ್ಕ ಹಾಕಿದ್ರೂ ಗುಂಟೆಗೆ 30 ಕೆಜಿ ಆಯ್ತು, ಮಾಮೂಲಿ ನಾಟಿಗೆ ಒಂದು ಎಕರೆಗೆ ಅದು ಧಾರಾಳ. ಹೋದ ವರ್ಷ ಬೇರೆ ತಳಿ ಬೆಳೆದ ಪಾತಿ ಬೇಡ. ಪಕ್ಕದಲ್ಲಿ ಬೇರೆ ತಳಿ ಇದ್ರೆ ಮಧ್ಯೆ ಮೂರು ಮೀಟರ್ ಬಿಡಿ. ಗದ್ದೆ ಇಲ್ಲ ಅನ್ನೋರಿಗೂ ದಾರಿ ಇದೆ, ಕಾಸರಗೋಡಿನ ಸತ್ಯನಾರಾಯಣ ಬೇಳೇರಿ ಅವರು ಚೀಲದಲ್ಲಿ ಭತ್ತ ಬೆಳೆಸಿ 650ಕ್ಕೂ ಹೆಚ್ಚು ತಳಿ ಉಳಿಸಿದ್ದಾರೆ, 2024ರಲ್ಲಿ ಪದ್ಮಶ್ರೀನೂ ಬಂತು.

ಎರಡನೇದು: ಒಂಟಿ ಪೈರು

ಬುಡಕ್ಕೆ ಒಂದೇ ಪೈರು, ಹತ್ತಿಂಚಿಗೊಂದು, ಸಾಲಾಗಿ ನೆಡಿ. ಆಳುಗಳು ಗೊಣಗ್ತಾರೆ, ಗೊಣಗ್ಲಿ ಬಿಡಿ, ಒಂದು ಗುಂಟೆಗೆ ಸುಮಾರು ಒಂದೂವರೆ ಸಾವಿರ ಬುಡ ಅಷ್ಟೇ ತಾನೆ. ಮೂರು ನಾಲ್ಕು ಪೈರು ಒಟ್ಟಿಗೆ ನೆಟ್ರೆ ಬೆರಕೆ ಒಂದರೊಳಗೆ ಒಂದು ಅವಿತುಕೊಳ್ಳುತ್ತೆ, ಕೀಳೋಕೆ ಹೋದ್ರೆ ಒಳ್ಳೇದೂ ಜೊತೇಲಿ ಬರುತ್ತೆ.

ಮೂರನೇದು: ಬೆರಕೆ ಕೀಳೋದು, ಎಲ್ಲರೂ ಎಡವೋದು ಇಲ್ಲೇ

ಒಂದು ಸಲ ಗದ್ದೆ ಸುತ್ತಿ ಬಂದು ಆಯ್ತು ಅನ್ನೋ ಕೆಲಸ ಅಲ್ಲ ಇದು, ಕಮ್ಮಿ ಅಂದ್ರೂ ಮೂರು ಸಲ ಇಳೀಬೇಕು. ಬೆಳಿಗ್ಗೆ ಹೋಗಿ, ಸೂರ್ಯ ಬೆನ್ನಿಗಿರಲಿ, ಬಿಸಿಲು ಕಣ್ಣಿಗೆ ಹೊಡೆದ್ರೆ ಬಣ್ಣದ ವ್ಯತ್ಯಾಸ ಗೊತ್ತಾಗಲ್ಲ. ಜೊತೆಗೆ ಮನೇಲಿರೋ ವಯಸ್ಸಾದ ಹೆಂಗಸರನ್ನ ಕರ್ಕೊಂಡು ಹೋಗಿ, ನಮ್ಮ ದೊಡ್ಡಮ್ಮ ಬದು ಮೇಲೆ ನಿಂತೇ "ಅಗೋ ಆ ಮೂರನೇ ಸಾಲಲ್ಲಿ ಒಂದು ಬೇರೆ ಐತೆ ನೋಡ್ಲಾ" ಅಂತಿದ್ರು, ನಾನು ಹತ್ರ ಹೋಗಿ ಐದು ನಿಮಿಷ ನೋಡಿದ್ರೂ ಗೊತ್ತಾಗ್ತಿರ್ಲಿಲ್ಲ.

ಮೊದಲ ಸಲ ತೆಂಡೆ, ಅಂದ್ರೆ ಬುಡದಿಂದ ಹೊಸ ಕವಲು, ಒಡೆಯೋ ಹೊತ್ತಲ್ಲಿ. ಆಗ ಬುಡದ ಬಣ್ಣ ನೋಡಿ, ಎಲ್ಲಾ ಹಸಿರಿರೋ ಕಡೆ ಒಂದು ಬುಡ ನೇರಳೆ ಇದ್ರೆ ಕಿತ್ತಾಕಿ. ಗರಿ ಅಗಲ, ತೆಂಡೆ ನೆಟ್ಟಗಿದ್ಯಾ ಹರಡ್ಕೊಂಡಿದ್ಯಾ ಅದೂ ನೋಡಿ. ಎರಡನೇ ಸಲ ತೆನೆ ಹೊರಡೋವಾಗ, ಇದು ಬಹಳ ಮುಖ್ಯ, ಎಲ್ಲಕ್ಕಿಂತ ಒಂದು ವಾರ ಮುಂಚೆ ತೆನೆ ಬಿಚ್ಚಿದ್ದು ಇರ್ಬಹುದು, ತೆನೆ ಹೊರಗೆ ಬರದೇ ಇನ್ನೂ ಹೊಡೆಯಲ್ಲೇ ಕೂತಿರೋದು ಇರ್ಬಹುದು, ಎರಡೂ ಹೋಗ್ಬೇಕು. ಮೂರನೇ ಸಲ ಕಾಳು ಬಣ್ಣ ತಿರುಗೋವಾಗ, ಹೊಟ್ಟಿನ ಬಣ್ಣ, ಕಾಳಿನ ತುದೀಲಿ ಮೀಸೆ ಇದ್ಯಾ ಇಲ್ವಾ, ಉದ್ದ ಎಷ್ಟು, ಎಲ್ಲಾ ನೋಡಿ. ಅನುಮಾನ ಬಂದ್ರೆ ಒಂದು ಕಾಳು ಉಗುರಲ್ಲಿ ಸುಲಿದು ಒಳಗಿನ ಅಕ್ಕಿ ಬಣ್ಣ ನೋಡಿ, ಆ ಎಂಟು ಮೂಟೆ ವಾಪಸ್ ಬಂದಿದ್ದು ಈ ಒಂದು ನಿಮಿಷದ ಕೆಲಸ ಮಾಡದೇ ಇದ್ದಿದ್ದಕ್ಕೆ.

ಕೀಳೋದು ಅಂದ್ರೆ ಬೇರು ಸಮೇತ. ತೆನೆ ಮಾತ್ರ ಚಿವುಟಿ ಬಂದ್ರೆ ಹಿಂದಿರೋ ತೆಂಡೆ ಮತ್ತೆ ತೆನೆ ಬಿಡುತ್ತೆ. ಕಿತ್ತಿದ್ದನ್ನ ಬದು ಮೇಲೆ ಎಸೀಬೇಡಿ, ಅಲ್ಲೇ ಬಲಿತು ಉದುರಿ ಮುಂದಿನ ವರ್ಷ ಗದ್ದೆಗೇ ಬರುತ್ತೆ, ಹಸುಗೆ ಹಾಕಿ.

ಇನ್ನೊಂದು ವಿಷಯ. ಎತ್ತರ ಇರೋದೆಲ್ಲಾ ಬೆರಕೆ ಅಲ್ಲ. ಬದು ಪಕ್ಕದ ಸಾಲು, ಗೊಬ್ಬರ ಸುರಿದಿದ್ದ ಜಾಗ, ಅಲ್ಲಿ ಪೈರು ಸೊಕ್ಕಿ ಬೆಳೆದಿರುತ್ತೆ, ಅದಕ್ಕೇ ಸುತ್ತ ಎರಡು ಸಾಲು ಬೀಜಕ್ಕೆ ತಗೊಳ್ಳೋದೇ ಬೇಡ, ಊಟಕ್ಕೆ ಇರಲಿ. ಇದರ ಉಲ್ಟಾ ತಪ್ಪೂ ಇದೆ, ದೊಡ್ಡ ತೆನೆ ಕಂಡ ಕೂಡ್ಲೇ ಆಸೆಗೆ ಬಿದ್ದು ಅದನ್ನೇ ಬೀಜಕ್ಕೆ ಇಡೋದು, ಎಷ್ಟೋ ಸಲ ಆ ದೊಡ್ಡ ತೆನೆನೇ ಬೆರಕೆ. ಹಾಗಂತ ಚೆಂದದ ಹತ್ತೇ ಹತ್ತು ಬುಡ ಆರಿಸಿ ಉಳಿದಿದ್ದೆಲ್ಲಾ ಬಿಡೋದೂ ನನಗೆ ಸರಿ ಕಾಣಲ್ಲ. ನಾಟಿ ತಳಿ ಒಳಗೇ ಸಣ್ಣಪುಟ್ಟ ವ್ಯತ್ಯಾಸ ಇರುತ್ತೆ, ಬರ ಬಂದಾಗ ರೋಗ ಬಂದಾಗ ಕೈ ಹಿಡಿಯೋದು ಅದೇ, ನೂರಿನ್ನೂರು ಬುಡದಿಂದಾದ್ರೂ ತಗೊಳ್ಳಿ.

ಯಾವುದು ಅಸಲಿ ಅಂತ ಗೊತ್ತಿಲ್ಲದೇ ಇದೆಲ್ಲಾ ಆಗಲ್ಲ, ಅದಕ್ಕೆ ನಂಬಿಕಸ್ತರಿಂದ ಬೀಜ ತಂದ ಮೊದಲ ವರ್ಷವೇ ಒಂದು ಅಸಲಿ ಬುಡದ ಫೋಟೋ ತೆಗೆದಿಡಿ, ಒಂದು ತೆನೆ ಗೋಡೆಗೆ ನೇತಾಕಿ. ಮಳವಳ್ಳಿ ತಾಲ್ಲೂಕು ಕಿರುಗಾವಲಿನ ಸೈಯದ್ ಘನಿ ಖಾನ್ ಅವರು ನೂರಾರು ತಳಿ ಬೆಳೆಸ್ತಾರೆ, ಹೋಗಿ ನೋಡಿದ್ರೆ ಕಣ್ಣು ಪಳಗುತ್ತೆ. ಮೇಳದಲ್ಲಿ ಚೆಂದದ ಹೆಸರು ಹಾಕಿ ಮಾರೋ ಪುಟ್ಟ ಪ್ಯಾಕೆಟ್ ಮಾತ್ರ ನಾನು ತಗೊಳ್ಳಲ್ಲ, ಒಂದು ಸಲ ತಂದು ಹಾಕಿದ್ರೆ ಒಂದೇ ಪಾತೀಲಿ ನಾಲ್ಕು ಥರ ಬಂತು.

ಕುಯ್ಲು, ಬಡಿಯೋದು

ಕುಡುಗೋಲಲ್ಲಿ ಕುಯ್ದು, ಗುಡಿಸಿದ ಕಣದಲ್ಲಿ ಕೈಯಲ್ಲೇ ಬಡೀರಿ, ತೂರಿ ಜೊಳ್ಳು ತೆಗೀರಿ. ಮಿಷನ್ ಬೇಡ್ವೇ ಬೇಡ.

ಒಣಗಿಸೋದು

ಕಾಂಕ್ರೀಟ್ ರಸ್ತೇಲಿ, ಕರೀ ಪ್ಲಾಸ್ಟಿಕ್ ಟಾರ್ಪಾಲ್ ಮೇಲೆ ಮಧ್ಯಾಹ್ನದ ಬಿಸಿಲಿಗೆ ಹರಡೋದು ನೋಡಿದ್ರೆ ಹೊಟ್ಟೆ ಉರಿಯುತ್ತೆ. ಕಾಳಿನ ಬಿಸಿ 43 ಡಿಗ್ರಿ ದಾಟಿದ್ರೆ ಒಳಗಿನ ಮೊಳಕೆಗೆ ಪೆಟ್ಟು, ಊಟಕ್ಕೇನೋ ಆಗುತ್ತೆ, ಬಿತ್ತೋಕಲ್ಲ. ಸಗಣಿ ಸಾರಿಸಿದ ಕಣ ಇಲ್ಲಾ ಈಚಲು ಚಾಪೆ, ಎರಡು ಬೆರಳು ದಪ್ಪ, ಅರ್ಧ ಗಂಟೆಗೊಮ್ಮೆ ಕೈಯಾಡಿಸಿ, ಉರಿಬಿಸಿಲಲ್ಲಿ ನೆರಳಿಗೆ ಎಳೀರಿ, ಸಂಜೆ ಇಬ್ಬನಿ ಬೀಳೋ ಮುಂಚೆ ಒಳಗೆ.

ಒಣಗಿದ್ಯಾ ಅಂತ ನೋಡೋಕೆ ಮೀಟರ್ ಬೇಡ. ಒಣಗಿದ ಗಾಜಿನ ಬಾಟಲಿಗೆ ಒಂದು ಹಿಡಿ ಭತ್ತ, ಒಂದೆರಡು ಚಮಚ ಒಣ ಪುಡಿ ಉಪ್ಪು ಹಾಕಿ ಕುಲುಕಿ, ಕಾಲು ಗಂಟೆ ಬಿಟ್ಟು ನೋಡಿ. ಉಪ್ಪು ಗಾಜಿಗೆ ಅಂಟಿದ್ರೆ ತೇವ ನೂರಕ್ಕೆ 15ಕ್ಕಿಂತ ಜಾಸ್ತಿ ಇದೆ ಅಂತ. ಅಂಟದೇ ಹೋದ್ರೂ ಇನ್ನೊಂದು ದಿನ ಒಣಗಿಸಿ, ನಮಗೆ ಬೇಕಿರೋದು 13ಕ್ಕಿಂತ ಕಮ್ಮಿ.

ಇಡೋದು

ರಾತ್ರಿಯಿಡೀ ತಣ್ಣಗಾಗೋಕೆ ಬಿಟ್ಟು ಡಬ್ಬಿಗೆ ತುಂಬಿ, ಬಿಸಿ ಬಿಸಿ ತುಂಬಿದ್ರೆ ಡಬ್ಬಿ ಒಳಗೆ ಬೆವರುತ್ತೆ. ಒಣಗಿದ ಬೇವಿನ ಸೊಪ್ಪು ಇಲ್ಲಾ ಲಕ್ಕಿ ಸೊಪ್ಪು ಹಾಕಿ, ಹಲಗೆ ಮೇಲಿಡಿ, ಹೆಸರಿನ ಚೀಟಿ ಒಳಗೊಂದು ಹೊರಗೊಂದು. ಹುಳಕ್ಕೆ ಅಂತ ಅಂಗಡೀಲಿ ಕೊಡೋ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆನ ಮನೆ ಒಳಗೆ ಇಡ್ಲೇಬೇಡಿ, ಅದರ ಗ್ಯಾಸ್ ಮಲಗಿದ್ದೋರ ಜೀವ ತೆಗೆಯುತ್ತೆ.

ಮೊಳಕೆ ಟೆಸ್ಟ್ ಕುಯ್ಲಾದ ವಾರಕ್ಕೇ ಮಾಡಿ ಗಾಬರಿ ಆಗೋರಿದ್ದಾರೆ, ಎಷ್ಟೋ ನಾಟಿ ತಳಿ ಕೆಲವು ವಾರ ನಿದ್ದೇಲೇ ಇರುತ್ತೆ. ಬಿತ್ತೋಕೆ ಒಂದು ತಿಂಗಳು ಮುಂಚೆ ನೂರು ಕಾಳು ಒದ್ದೆ ಗೋಣೀಲಿ ಸುತ್ತಿಡಿ, 80 ಮೊಳೆತ್ರೆ ಸಾಕು.

ಮಿಕ್ಕಿದ ಬೀಜ ಮಾರ್ಬಹುದಾ ಅಂತ ಸುಮಾರು ಜನ ಕೇಳ್ತಾರೆ. ಮಾರ್ಬಹುದು, 2001ರ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕು ಕಾಯ್ದೆಯ 39ನೇ ಸೆಕ್ಷನ್ ರೈತ ತಾನು ಬೆಳೆದ ಬೀಜ ಇಟ್ಕೊಳ್ಳೋಕೆ, ಹಂಚೋಕೆ, ಮಾರೋಕೆ ಹಕ್ಕು ಕೊಟ್ಟಿದೆ, ಕಾಯ್ದೆಯಡಿ ನೋಂದಣಿ ಆಗಿರೋ ತಳೀನ ಬ್ರಾಂಡ್ ಹಾಕಿ ಮಾರೋ ಹಾಗಿಲ್ಲ ಅಷ್ಟೇ. ಒಳ್ಳೇ ಬೀಜಕ್ಕೆ ಊಟದ ಭತ್ತಕ್ಕಿಂತ ಜಾಸ್ತಿ ದುಡ್ಡು ಸಿಗುತ್ತೆ, ಸಣ್ಣ ಹಿಡುವಳಿಯವರಿಗೆ ಒಂದೆರಡು ಗುಂಟೇಲಿ ಬರೋ ಆ ದುಡ್ಡೂ ದುಡ್ಡೇ.

ಆದ್ರೆ ಮಾರೋ ಮುಂಚೆ ಬೇರೆ ಬೇರೆ ಊರಿನ ಇಬ್ಬರಿಗೆ ಎರಡೆರಡು ಸೇರು ಸುಮ್ನೆ ಕೊಡಿ, ಯಾರಿಗೆ ಕೊಟ್ರಿ ಅಂತ ಬರೆದಿಡಿ. ಆ ಎಂಟು ಮೂಟೆಯವರು ಮೊದಲ ವರ್ಷ ಹೆಗ್ಗಡದೇವನಕೋಟೆ ಕಡೆ ಇರೋ ಬೀಗರಿಗೆ ಒಂದಿಷ್ಟು ಬೀಜ ಕೊಟ್ಟಿದ್ರಂತೆ, ಅವರೇ ಮರೆತಿದ್ರು. ಈ ಸಲ ಅಲ್ಲಿಂದ ವಾಪಸ್ ತಂದು ಒಂದು ಗುಂಟೆಗೆ ಒಂಟಿ ಪೈರು ನೆಟ್ಟಿದ್ದಾರೆ.