ಫ್ಯೂಷನ್ ಮ್ಯಾಗ್ನೆಟ್ಟಿನ ಎಪಾಕ್ಸಿ ಇನ್ಸುಲೇಶನ್: ಬೆಳಗಾವಿಯ ವರ್ಕ್‌ಶಾಪಿನಲ್ಲಿ ಮಾದರಿ ತುಂಡು ಮಾಡುವ ಬಗೆ

ಫ್ರಾನ್ಸಿನ ಕಾದರಾಶ್‌ನಲ್ಲಿ ಕಟ್ಟುತ್ತಿರುವ ಐಟರ್ ಎಂಬ ಫ್ಯೂಷನ್ (ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ಪಡೆಯುವ) ಯಂತ್ರದ ಟೊರಾಯ್ಡಲ್ ಫೀಲ್ಡ್ ಮ್ಯಾಗ್ನೆಟ್ ಕಾಯಿಲ್‌ಗಳ ಇನ್ಸುಲೇಶನ್ ಮೈನಸ್ 269 ಡಿಗ್ರಿ ಚಳಿಯಲ್ಲಿದ್ದುಕೊಂಡೇ ಸುಮಾರು 10 ಮೆಗಾಗ್ರೇ (ಗ್ರೇ ಎಂದರೆ ವಸ್ತು ಹೀರಿದ ವಿಕಿರಣದ ಅಳತೆ) ವಿಕಿರಣ ತಾಳಬೇಕು. ಅಲ್ಲಿ 40 ಭಾಗ ಸಯನೇಟ್ ಎಸ್ಟರ್ ಎಂಬ ರೆಸಿನ್, 60 ಭಾಗ ಎಪಾಕ್ಸಿ ಬಳಸಿದ್ದಾರೆ. ಆ ಬೆರಕೆ ದುಬಾರಿ, ಗಟ್ಟಿಯಾಗುವಾಗ ಬಿಸಿ ಕೈಮೀರುವ ಅಪಾಯವೂ ಇದೆ. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗಿನಲ್ಲಿ ವೈಂಡಿಂಗ್ ಬಲ್ಲವರು ಎಪಾಕ್ಸಿಗೆ ಆರೊಮ್ಯಾಟಿಕ್ ಅಮೈನ್ ಹಾರ್ಡನರ್ (ಗಟ್ಟಿಯಾಗಿಸುವ ರಾಸಾಯನಿಕ) ಬೆರೆಸಿ ಮಾದರಿ ತುಂಡು ಮಾಡುವುದರಿಂದ ಶುರು ಮಾಡಲಿ.

ಈಕ್ವಿವಲೆಂಟ್ ತೂಕ (ಒಂದು ಮೋಲ್ ಎಪಾಕ್ಸಿ ಗುಂಪು ಇರುವ ರೆಸಿನ್ನಿನ ಗ್ರಾಂ ತೂಕ) 170 ಇರುವ ಬಿಸ್‌ಫೀನಾಲ್-ಎಫ್ ಎಪಾಕ್ಸಿ 100 ಗ್ರಾಂಗೆ ಡಿಇಟಿಡಿಎ ಎಂಬ ಆರೊಮ್ಯಾಟಿಕ್ ಅಮೈನ್ ಹಾರ್ಡನರ್ 26 ಗ್ರಾಂ ಬೇಕು. ಈ ಜೋಡಿ ವಿಕಿರಣಕ್ಕೆ ಜಗ್ಗದು, ಆದರೆ ಚಳಿಯಲ್ಲಿ ಪೆಡಸು. ಬಿರುಕು ತಡೆಯಲು ಹಾರ್ಡನರ್‌ನ ಕಾಲು ಪಾಲನ್ನು (ತೂಕದಲ್ಲಲ್ಲ, ರಾಸಾಯನಿಕ ಲೆಕ್ಕದಲ್ಲಿ) ಡಿ-400 ಎಂಬ ಮೆತ್ತನೆಯ ಪಾಲಿಈಥರ್ ಅಮೈನ್‌ಗೆ ಬದಲಿಸಿ: ಡಿಇಟಿಡಿಎ 19.6 ಗ್ರಾಂ, ಡಿ-400 17 ಗ್ರಾಂ. ಇನ್ನೂ ಹೆಚ್ಚು ಹಾಕುವ ಆಸೆ ಬೇಡ. ವಿಕಿರಣಕ್ಕೆ ಮೊದಲು ತುಂಡಾಗುವುದು ಆ ಮೆತ್ತನೆಯ ಈಥರ್ ಸರಪಳಿಯೇ; ಬೆರೆಸಿದ ಮೇಲೆ ಗಟ್ಟಿಯಾಗುವ ಮೊದಲು ಬಳಸಲು ಸಿಗುವ ಸಮಯವೂ ಕಡಿಮೆಯಾಗುತ್ತದೆ. ಕೈಗವಸು ಬಿಡಬೇಡಿ.

ಗ್ಲಾಸ್ ಟೇಪ್ ಬೋರಾನ್ ಇಲ್ಲದ್ದೇ ಇರಲಿ. ಸಾಮಾನ್ಯ ಇ-ಗ್ಲಾಸಿನ ಬೋರಾನ್ ನ್ಯೂಟ್ರಾನ್ ಹಿಡಿದು ಹೀಲಿಯಂ, ಲಿಥಿಯಂ ಆಗಿ ಒಡೆಯುತ್ತದೆ. ಎಳೆಯನ್ನು ಅಂಟಿಕೊಂಡಿರುವ ರೆಸಿನ್ನೇ ಅದರ ಪೆಟ್ಟು ತಿನ್ನುತ್ತದೆ. ಎಪಾಕ್ಸಿಗೆ ಹೊಂದುವ ಸಿಲೇನ್ ಲೇಪ (ಗ್ಲಾಸನ್ನು ರೆಸಿನ್‌ಗೆ ಅಂಟಿಸುವ ಲೇಪ) ಇದೆಯೇ ಎಂದು ವಿಚಾರಿಸಿ ಖರೀದಿಸಿ.

ತಾಮ್ರದ ಪಟ್ಟಿಯನ್ನು ಮರಳು ಕಾಗದದಿಂದ ಉಜ್ಜಿ, ಅಸಿಟೋನ್‌ನಲ್ಲಿ ಒರೆಸಿ, ಟೇಪನ್ನು ಅರ್ಧರ್ಧ ಮೇಲೆ ಬರುವಂತೆ ಬಿಗಿಯಾಗಿ ಸುತ್ತಿ. ಮೂಲೆಗಳಲ್ಲಿ ಬರೀ ರೆಸಿನ್ ನಿಲ್ಲುವ ಜಾಗಕ್ಕೆ ಗ್ಲಾಸ್ ಹುರಿ ತುಂಬಿ. ಅಷ್ಟು ಚಳಿಗಿಳಿದಾಗ ಎಪಾಕ್ಸಿ ಶೇ 1ಕ್ಕಿಂತ ಹೆಚ್ಚು ಕುಗ್ಗುತ್ತದೆ, ತಾಮ್ರ ಶೇ 0.33 ಅಷ್ಟೇ. ಬಿರುಕು ಹುಟ್ಟುವುದು ಆ ಮೂಲೆಗಳಲ್ಲೇ.

ಸುತ್ತಿದ ತುಂಡನ್ನು ಅಚ್ಚಿನಲ್ಲಿಟ್ಟು 110 ಡಿಗ್ರಿಯಲ್ಲಿ ರಾತ್ರಿಯಿಡೀ ವ್ಯಾಕ್ಯೂಮ್‌ನಲ್ಲಿ ಒಣಗಿಸಿ. ಬೆಳಗಾವಿಯ ಮಳೆಗಾಲದಲ್ಲಿ ಇದನ್ನು ಬಿಟ್ಟರೆ ತೇವ ಗುಳ್ಳೆಯಾಗಿ ಹೊರಬರುತ್ತದೆ. ವ್ಯಾಕ್ಯೂಮ್ ಗೇಜ್ ಬಗ್ಗೆ ಎಚ್ಚರ: ಊರು ಸುಮಾರು 750 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಒತ್ತಡ ಕಡಿಮೆಯಿರುವುದರಿಂದ ಡಯಲ್ ಗೇಜ್ ಪಾದರಸದ 695 ಮಿಲಿಮೀಟರ್ ಆಸುಪಾಸಿನಲ್ಲೇ ನಿಲ್ಲುತ್ತದೆ. 760ಕ್ಕೆ ಏರಲಿಲ್ಲವೆಂದು ಲೀಕ್ ಹುಡುಕುತ್ತ ಕೂರಬೇಡಿ; ಉಳಿದ ಒತ್ತಡವನ್ನೇ ಅಳೆಯುವ ಪಿರಾನಿ ಗೇಜ್‌ನಲ್ಲಿ 1 ಮಿಲಿಬಾರ್‌ಗಿಂತ ಕೆಳಗೆ ಬಂದಿದೆಯೇ ನೋಡಿ.

ರೆಸಿನ್ ಮತ್ತು ಹಾರ್ಡನರ್ ಬೆರೆಸಿ, 45 ಡಿಗ್ರಿಯಲ್ಲಿ ನೊರೆ ಇಳಿಯುವವರೆಗೆ ಗಾಳಿ ತೆಗೆಯಿರಿ. ನೊರೆ ಉಕ್ಕುತ್ತದೆ, ಪಾತ್ರೆ ನಾಲ್ಕು ಪಟ್ಟು ದೊಡ್ಡದಿರಲಿ. ಅಚ್ಚೂ 45 ಡಿಗ್ರಿಗೆ ಇಳಿದಿರಬೇಕು. ರೆಸಿನ್ ಕೆಳಗಿನಿಂದ ನಿಧಾನವಾಗಿ ಏರಲಿ. ಅವಸರ ಮಾಡಿದರೆ ಅದು ಅಂಚಿನಲ್ಲಿ ಓಡಿ ನಡುವೆ ಒಣ ಜಾಗ ಉಳಿಯುತ್ತದೆ. ಮೇಲಿನ ನಳಿಗೆಯಲ್ಲಿ ಗುಳ್ಳೆಯಿಲ್ಲದ ರೆಸಿನ್ ಬಂದ ಮೇಲೆ ಗಾಳಿ ಒಳಬಿಟ್ಟು ವ್ಯಾಕ್ಯೂಮ್ ಕಳೆಯಿರಿ.

ರೆಸಿನ್ ಗಟ್ಟಿಯಾಗಲು ಅಚ್ಚನ್ನು ಓವನ್‌ನಲ್ಲಿಡಿ: 80 ಡಿಗ್ರಿಯಲ್ಲಿ 4 ಗಂಟೆ, 120ರಲ್ಲಿ 4, 160ರಲ್ಲಿ 4. ಗಂಟೆಗೆ 20 ಡಿಗ್ರಿಯಂತೆ ಏರಿಸಿ. ಓವನ್ ಮುಚ್ಚಿಟ್ಟೇ ಆರಲು ಬಿಡಿ.

ಪರೀಕ್ಷೆಗೆ ಜಾನುವಾರು ವೀರ್ಯ ಸಂಗ್ರಹಕ್ಕೆ ಬಳಸುವ ದ್ರವ ಸಾರಜನಕವೇ ಸಾಕು. ಗಾಳಿಯಾಡುವ ಜಾಗದಲ್ಲಿ, ಕನ್ನಡಕ ಹಾಕಿಕೊಂಡು ತುಂಡನ್ನು ನಿಧಾನವಾಗಿ ಅದ್ದಿ, ಕಿವಿಗೊಟ್ಟು ಕೇಳಿ. ಕುದಿತ ನಿಂತ ಮೇಲೂ ಟಕ್ ಎಂದರೆ ಒಳಗೆ ಸೀಳಿದೆ. ಐದು ಸಲ ಅದ್ದಿ, ಒಣಗಿಸಿ ಮೆಗ್ಗರ್ (ಇನ್ಸುಲೇಶನ್ ರೋಧ ಅಳೆಯುವ ಉಪಕರಣ) ಹಿಡಿಯಿರಿ, ಗರಗಸದಿಂದ ಕೊಯ್ದು ಅಡ್ಡಭಾಗ ನೋಡಿ. ಬಿಳಿ ಚುಕ್ಕೆ ಕಂಡರೆ ಗಾಳಿ ಉಳಿದಿದೆ. ಇದರಲ್ಲಿ ಗೆದ್ದ ತುಂಡನ್ನಷ್ಟೇ ಗಾಮಾ ವಿಕಿರಣಕ್ಕೆ ಕಳಿಸಿ: ಗಂಟೆಗೆ 5 ಕಿಲೋಗ್ರೇ ಕೊಡುವ ಕಡೆ 10 ಮೆಗಾಗ್ರೇಗೆ 2000 ಗಂಟೆ ಹಿಡಿಯುತ್ತದೆ.