ಹಳೇ ಮೋಟರ್‌ಹೋಮ್ ಓಲಾಡತ್ತಾ? ಶಾಕ್ ಅಬ್ಸಾರ್ಬರ್ ಆರ್ಡರ್ ಮಾಡೋ ಮುಂಚೆ ತೂಕ ಹಾಕ್ಸಿ

ಅಮೆರಿಕದಲ್ಲಿ ಸೆಕೆಂಡ್ ಹ್ಯಾಂಡ್ ಮೋಟರ್‌ಹೋಮ್ ತಗೊಂಡು ಒಂದೇ ಟ್ರಿಪ್ಪಿಗೆ ಕೈ ಭುಜ ಎಲ್ಲಾ ನೋವು ಮಾಡ್ಕೊಂಡಿರೋ ನಮ್ಮವರಿಗೆ ಇದು. ನಂದು 2006ರ ಕ್ಲಾಸ್ ಸಿ, ಅಂದ್ರೆ ಡ್ರೈವರ್ ತಲೆ ಮೇಲೆ ಅಟ್ಟದ ಥರ ಹಾಸಿಗೆ ಚಾಚ್ಕೊಂಡಿರತ್ತಲ್ಲ ಅದು, ಫೋರ್ಡ್ ಇ-450 ಚಾಸಿ, 31 ಅಡಿ ಉದ್ದ. ಕ್ಯಾಲಿಫೋರ್ನಿಯಾದ ಐ-5 ಹೈವೇಲಿ ದೊಡ್ಡ ಟ್ರಕ್ ಪಕ್ಕದಲ್ಲಿ ಹೋದಾಗೆಲ್ಲಾ ಮೊದಲು ಗಾಳಿ ಆಚೆ ತಳ್ಳೋದು, ಆಮೇಲೆ ಟ್ರಕ್ ಕಡೆಗೇ ಎಳ್ಕೊಳ್ಳೋದು, ನಾನು ಸ್ಟೇರಿಂಗ್ ಜೊತೆ ಕುಸ್ತಿ ಆಡ್ಕೊಂಡೇ ಹೋಗಿದ್ದು. ಹಿಂದೆ ಕೂತಿದ್ದ ನಮ್ಮನೆಯವಳು "ರೀ, ಇದೇನು ಮನೇನಾ ತೊಟ್ಟಿಲಾ" ಅಂದ್ಲು.

ನಾನು ಮಾಡಿದ ಮೊದಲ್ನೇ ತಪ್ಪು ಅಂದ್ರೆ ಮನೆಗೆ ಬಂದ ರಾತ್ರಿನೇ ದುಬಾರಿ ಶಾಕ್ ನಾಲ್ಕು ಆರ್ಡರ್ ಮಾಡಿದ್ದು. ಹಾಕ್ದೆ, ಗುಂಡಿ ಹತ್ತಿಳಿದಾಗ ಆಗೋ ಕುಣಿತ ನಿಂತ್ಹೋಯ್ತು, ಓಲಾಟ ಮಾತ್ರ ಹಾಗೇ ಇತ್ತು. ಯಾಕಂದ್ರೆ ನನ್ನ ಗಾಡಿ ಕಾಯಿಲೆನೇ ಬೇರೆ ಇತ್ತು.

ಹಾಗಾಗಿ ಮೊದಲು ಗಾಡಿ ಏನು ಮಾಡ್ತಿದೆ ಅಂತ ಸರಿಯಾಗಿ ನೋಡ್ಕೊಳ್ಳಿ. ಉಬ್ಬು ದಾಟಿದ ಮೇಲೂ ಮೂರ್ನಾಕು ಸಲ ಕುಣಿದ್ರೆ ಅದು ಶಾಕ್. ಪೆಟ್ರೋಲ್ ಬಂಕಿಗೆ ಓರೆಯಾಗಿ ಹತ್ತೋವಾಗ ಕಪಾಟಿನ ಪಾತ್ರೆ ಎಲ್ಲಾ ಒಂದು ಕಡೆ ಜಾರೋ ಹಾಗೆ ವಾಲಿದ್ರೆ ಸ್ವೇ ಬಾರ್, ಅಂದ್ರೆ ಗಾಡಿ ಪಕ್ಕಕ್ಕೆ ವಾಲದ ಹಾಗೆ ತಡೆಯೋ ಕಬ್ಬಿಣದ ಸರಳು. ಗಾಳಿ ಹೊಡೆದಾಗ ಹಿಂಭಾಗ ಮಾತ್ರ ಅಡ್ಡಕ್ಕೆ ಸರಿದು ಅದು ಮುಂಭಾಗಾನ ತಿರುಗಿಸ್ತಿದೆ ಅನ್ಸಿದ್ರೆ ಹಿಂದಿನ ಆಕ್ಸಲ್ ಪಕ್ಕಕ್ಕೆ ಅಲುಗ್ತಿದೆ ಅಂತ ಅರ್ಥ, ಅದಕ್ಕೆ ಆಕ್ಸಲ್ಲನ್ನ ಅಡ್ಡಕ್ಕೆ ಹಿಡ್ಕೊಳ್ಳೋ ಟ್ರ್ಯಾಕ್ ಬಾರ್. ಗಾಳಿನೂ ಇಲ್ಲ ಟ್ರಕ್ಕೂ ಇಲ್ಲ, ನೇರ ರೋಡಲ್ಲೂ ಸ್ಟೇರಿಂಗ್ ಆ ಕಡೆ ಈ ಕಡೆ ತಿದ್ಕೊಂಡೇ ಇರ್ಬೇಕು ಅಂದ್ರೆ ಟೈರ್ ಪ್ರೆಶರ್, ಸವೆದ ಟೈ ರಾಡ್ (ಸ್ಟೇರಿಂಗಿಂದ ಚಕ್ರಾನ ತಿರುಗಿಸೋ ಸರಳು), ಇಲ್ಲಾ ಅಲೈನ್‌ಮೆಂಟ್. ಹಿಂದೆ ಕುಸಿದು ಕೂತಿದ್ರೆ ಪ್ಲೇಟ್ ಸೆಟ್ (ಲೀಫ್ ಸ್ಪ್ರಿಂಗ್) ಸುಸ್ತಾಗಿದೆ, ಇಲ್ಲಾ ನೀವು ಜಾಸ್ತಿ ತುಂಬಿದೀರ.

ಜಾಸ್ತಿ ತುಂಬಿದೀರಾ ಇಲ್ವಾ ಅನ್ನೋದು ಕಣ್ಣಲ್ಲಿ ಗೊತ್ತಾಗಲ್ಲ, ತೂಕ ಹಾಕಿಸ್ಲೇಬೇಕು. ಹೈವೇ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಅಂತ ಬೋರ್ಡ್ ಇರತ್ತೆ. ಟ್ರಿಪ್ಪಿಗೆ ಹೊರಟಾಗ ಹೇಗಿರತ್ತೋ ಹಾಗೇ, ಟ್ಯಾಂಕ್ ತುಂಬಾ ಪೆಟ್ರೋಲು, ನೀರು, ಜನ, ಸಾಮಾನು ಎಲ್ಲಾ ಸಮೇತ ಹೋಗಿ, ಮುಂದಿನ ಚಕ್ರ ಒಂದು ಹಲಗೆ ಮೇಲೆ ಹಿಂದಿನ ಚಕ್ರ ಇನ್ನೊಂದರ ಮೇಲೆ ಬರೋ ಥರ ನಿಲ್ಲಿಸಿದ್ರೆ ಎರಡು ಆಕ್ಸಲ್ ತೂಕ ಬೇರೆಬೇರೆಯಾಗಿ ಚೀಟೀಲಿ ಬರತ್ತೆ. ಅದನ್ನ ಡ್ರೈವರ್ ಬಾಗಿಲ ಹತ್ರ ಇರೋ ಸ್ಟಿಕ್ಕರ್ ಜೊತೆ ಹೋಲಿಸಿ. ನನ್ನ ಗಾಡೀಲಿ ಮುಂದೆ 4,600 ಪೌಂಡ್, ಹಿಂದೆ 9,450, ಒಟ್ಟು 14,050 ಮಿತಿ. ನೋಡಿ, ಎರಡೂ ಕೂಡಿದ್ರೆ ಸರಿಯಾಗಿ ಅಷ್ಟೇ, ಒಂದು ಪೌಂಡೂ ಮಿಗಲ್ಲ. ನನ್ನದು ಹಿಂದೆ ಮಿತಿಗಿಂತ 200 ಪೌಂಡ್ ಜಾಸ್ತಿ ಬಂತು. ನೀರು ಒಂದು ಗ್ಯಾಲನ್ನಿಗೆ ಸುಮಾರು 8.3 ಪೌಂಡ್, 40 ಗ್ಯಾಲನ್ ಟ್ಯಾಂಕ್ ತುಂಬಿಸಿದ್ರೆ ಅದೇ 330 ಆಯ್ತಲ್ಲ. ಕ್ಯಾಂಪಲ್ಲೇ ನೀರು ಸಿಗೋ ಕಡೆ ಕಾಲು ಟ್ಯಾಂಕ್ ಸಾಕು. ಜೊತೆಗೆ ಹಿಂದಿನ ತುದೀಲಿ ಮಂಚದ ಕೆಳಗಿದ್ದ ಅಕ್ಕಿ ಮೂಟೆ, ಗ್ರೈಂಡರ್, ಟೂಲ್ ಬಾಕ್ಸ್ ಎಲ್ಲಾ ಮುಂದಕ್ಕೆ ಬಂತು, ಗ್ರೈಂಡರ್ ಯಾಕೆ ಬೇಕಿತ್ತು ಅಂತ ಮಾತ್ರ ಕೇಳ್ಬೇಡಿ. ಆಕ್ಸಲ್‌ನಿಂದ ಎಷ್ಟು ಹಿಂದೆ ಭಾರ ಇಟ್ರೆ ಅಷ್ಟು ಅದು ಏತದ ಥರ ಮುಂದಿನ ಚಕ್ರಾನ ಮೇಲೆತ್ತತ್ತೆ, ಮುಂದೆ ಹಗುರ ಆದ್ರೆ ಸ್ಟೇರಿಂಗ್ ಹಿಡಿತ ಹೋಯ್ತು ಅಂತ್ಲೇ ಲೆಕ್ಕ.

ಇನ್ನೊಂದು ಮಾತು ಗಟ್ಟಿಯಾಗೇ ಹೇಳ್ಬಿಡ್ತೀನಿ, ಏರ್ ಬ್ಯಾಗ್ (ಆಕ್ಸಿಡೆಂಟಲ್ಲಿ ಉಬ್ಬೋದಲ್ಲ, ಸ್ಪ್ರಿಂಗಿಗೆ ಆಸರೆ ಕೊಡೋ ಗಾಳಿ ಚೀಲ) ಹಾಕ್ಲಿ ಎಕ್ಸ್‌ಟ್ರಾ ಪ್ಲೇಟ್ ಹಾಕ್ಲಿ, ಸ್ಟಿಕ್ಕರ್ ಮೇಲಿನ ಮಿತಿ ಏರಲ್ಲ. ಆಕ್ಸಲ್ಲು, ಬ್ರೇಕು, ಟೈರು ಎಲ್ಲಾ ಅವೇ ತಾನೆ. ಎಲ್‌ಟಿ 225/75ಆರ್16 ಲೋಡ್ ರೇಂಜ್ ಇ ಟೈರ್ ಹಿಂದೆ ಪಕ್ಕಕ್ಕೆರಡರ ಹಾಗೆ ಜೋಡಿಯಾಗಿ ಇದ್ದಾಗ 80 ಪಿಎಸ್‌ಐ ಗಾಳೀಲಿ ತಲಾ 2,470 ಪೌಂಡ್ ಹೊರತ್ತೆ, ನಾಲ್ಕಕ್ಕೆ 9,880. ಗಾಳಿ ಸ್ವಲ್ಪ ಕಮ್ಮಿ ಆದ್ರೂ ಕತೆ ಮುಗೀತು. ಟೈರಿನ ಪಕ್ಕದಲ್ಲಿ ಅಚ್ಚಾಗಿರೋ ಡಾಟ್ (DOT) ನಂಬರಿನ ಕೊನೇ ನಾಲ್ಕು ಅಂಕಿನೂ ನೋಡಿ, 2319 ಅಂದ್ರೆ 2019ರ 23ನೇ ವಾರ ತಯಾರಾಗಿದ್ದು. ಹಳೇ ಮೋಟರ್‌ಹೋಮಲ್ಲಿ ಟೈರ್ ಸವೆಯೋದಕ್ಕಿಂತ ನಿಂತಲ್ಲೇ ಮುದಿಯಾಗೋದೇ ಜಾಸ್ತಿ, ಗ್ರಿಪ್ ಚೆನ್ನಾಗಿದೆ ಅಂತ ಮೋಸ ಹೋಗ್ಬೇಡಿ.

ಆಮೇಲೆ ಕೆಳಗೆ ಮಲಗಿ ಸವೆದಿರೋದನ್ನ ಹುಡುಕಿ. ಚಕ್ರ ನೆಲದ ಮೇಲೇ ಇರ್ಲಿ, ಎಂಜಿನ್ ಆನ್ ಇರ್ಲಿ, ಗೇರ್ ಪಾರ್ಕಲ್ಲಿ, ಚಕ್ರಕ್ಕೆ ಕಟ್ಟೆ ಕೊಟ್ಟಿರ್ಲಿ, ಒಬ್ರು ಸ್ಟೇರಿಂಗನ್ನ ಎರಡು ಮೂರು ಇಂಚು ಆ ಕಡೆ ಈ ಕಡೆ ಆಡಿಸ್ತಿರ್ಲಿ, ನೀವು ಟೈ ರಾಡ್ ಎಂಡ್‌ಗಳನ್ನ ನೋಡಿ. ರಾಡ್ ಅಲುಗಿದ್ರೂ ಚಕ್ರ ಅಲುಗ್ತಿಲ್ಲ ಅಂದ್ರೆ ಕಳ್ಳ ಸಿಕ್ಕ. ಸ್ವೇ ಬಾರ್ ಲಿಂಕಿನ ರಬ್ಬರ್ ಬುಷ್ ಮುಟ್ಟಿ ನೋಡಿ, ನನ್ನದ್ರಲ್ಲಿ ಬೆರಳಿಗೇ ಪುಡಿಪುಡಿಯಾಗಿ ಬಂತು. ಕಂಪನಿ ಸ್ವೇ ಬಾರ್ ಇತ್ತು, ಆದ್ರೆ ಹಿಡ್ಕೊಳ್ಳೋಕೆ ಏನೂ ಇರ್ಲಿಲ್ಲ. ಪಾಲಿಯುರೆಥೇನ್ ಬುಷ್ ಹಾಕಿದ್ದಷ್ಟಕ್ಕೇ ವಾಲೋದು ಎಷ್ಟೋ ಕಮ್ಮಿ ಆಯ್ತು, ಶಾಕಿಗೆ ಕೊಟ್ಟಿದ್ರ ಮುಂದೆ ಅದು ಚಿಲ್ಲರೆ ದುಡ್ಡು. ಅದೂ ಸಾಕಾಗ್ಲಿಲ್ಲ ಅಂದ್ರೆ ದಪ್ಪದ ಬಾರ್, ಹೆಲ್‌ವಿಗ್, ರೋಡ್‌ಮಾಸ್ಟರ್ ಥರದವು ಸಿಗತ್ತೆ. ಬಾರ್ ದಪ್ಪ 10% ಜಾಸ್ತಿ ಆದ್ರೆ ಬಿಗಿತ ಹತ್ತತ್ರ 46% ಜಾಸ್ತಿ ಆಗತ್ತೆ, ಹಾಗಾಗಿ ನೋಡೋಕೆ ಸ್ವಲ್ಪ ದಪ್ಪ ಅಂತ ಹಗುರವಾಗಿ ತಗೋಬೇಡಿ. ಲಿಂಕ್ ಬೋಲ್ಟ್ ಬಿಗಿ ಮಾಡೋದು ಗಾಡಿ ಸಮ ನೆಲದ ಮೇಲೆ ತನ್ನ ಭಾರದಲ್ಲಿ ನಿಂತಾಗ್ಲೇ.

ಗಾಡಿ ಕೆಳಗೆ ನುಗ್ಗೋ ಮುಂಚೆ, ಇದು ಆರು ಟನ್ ಮೇಲಿರೋ ಗಾಡಿ ಅಂತ ನೆನಪಿರ್ಲಿ. ಕಾಂಕ್ರೀಟ್ ನೆಲ, ಚಕ್ರಕ್ಕೆ ಕಟ್ಟೆ, ಭಾರಕ್ಕೆ ತಕ್ಕ ಜ್ಯಾಕ್ ಸ್ಟ್ಯಾಂಡ್. ಕ್ಯಾಂಪಲ್ಲಿ ಗಾಡಿ ಸಮ ನಿಲ್ಸೋಕೆ ಇರೋ ಹೈಡ್ರಾಲಿಕ್ ಜ್ಯಾಕನ್ನ ನಂಬ್ಕೊಂಡು ಕೆಳಗೆ ಹೋಗ್ಲೇಬೇಡಿ. ಶಾಕು, ಸ್ವೇ ಬಾರ್ ಎರಡಕ್ಕೂ ಚಕ್ರ ಎತ್ತೋದೇ ಬೇಡ, ಕೆಳಗೆ ಬೇಕಾದಷ್ಟು ಜಾಗ ಇರತ್ತೆ. ತುಕ್ಕು ಹಿಡಿದ ನಟ್ಟಿಗೆ ಹಿಂದಿನ ದಿನವೇ ತುಕ್ಕು ಬಿಡಿಸೋ ಎಣ್ಣೆ ಹೊಡೆದಿಡಿ. ಬಿಲ್‌ಸ್ಟೈನ್ ಥರದ ಗ್ಯಾಸ್ ಶಾಕ್, ಅದನ್ನ ಒತ್ತಿ ಕಟ್ಟಿರೋ ಪಟ್ಟಿ ಕತ್ತರಿಸಿದ ತಕ್ಷಣ ತಾನಾಗೇ ಉದ್ದ ಆಗತ್ತೆ, ಜಾಗಕ್ಕೆ ಇಟ್ಟ ಮೇಲೇ ಕತ್ತರಿಸಿ, ಅದ್ರ ಹೊಳೆಯೋ ರಾಡನ್ನ ಇಕ್ಕಳದಲ್ಲಿ ಹಿಡೀಬೇಡಿ, ಗೀರು ಬಿದ್ರೆ ಸೀಲ್ ಹೋಗತ್ತೆ.

ಹಿಂದೆ ಕುಸಿದಿರೋದಕ್ಕೆ ಎರಡು ದಾರಿ. ಊರಲ್ಲಿ ಲಾರಿಗಳಿಗೆ ಪ್ಲೇಟ್ ಸೆಟ್ ಬಿಚ್ಚಿ ಬಾಗು ಕೊಟ್ಟು ಇನ್ನೊಂದು ಪ್ಲೇಟ್ ಸೇರಿಸ್ತಾರಲ್ಲ, ಇಲ್ಲೂ ಟ್ರಕ್ ಸ್ಪ್ರಿಂಗ್ ಅಂಗಡಿಗಳಲ್ಲಿ ಅದನ್ನೇ ಮಾಡ್ತಾರೆ. ಯಾವತ್ತೂ ಭಾರ ಒಂದೇ ಥರ ಇರೋ ಗಾಡಿಗೆ ಇದೇ ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ. ಪ್ಲೇಟ್ ಸೆಟ್ಟನ್ನ ಆಕ್ಸಲ್ಲಿಗೆ ಬಿಗಿಯೋ ಯು-ಬೋಲ್ಟ್ ಮಾತ್ರ ಹೊಸದೇ ಹಾಕ್ಸಿ, ಹಳೇದು ಒಂದ್ಸಲ ಹಿಗ್ಗಿರತ್ತೆ, ಹಾಕಿ ಕೆಲವು ನೂರು ಮೈಲಿ ಓಡಿಸಿದ ಮೇಲೆ ಮತ್ತೆ ಟಾರ್ಕ್ (ಬಿಗಿ) ನೋಡಿಸಿ. ಇನ್ನೊಂದು ದಾರಿ ಏರ್ ಬ್ಯಾಗ್. ಫೈರ್‌ಸ್ಟೋನ್ ರೈಡ್-ರೈಟ್ ಆದ್ರೆ ಕನಿಷ್ಠ 5, ಗರಿಷ್ಠ 100 ಪಿಎಸ್‌ಐ, ಖಾಲಿ ಇಟ್ಕೊಂಡು ಓಡಿಸ್ಬಾರ್ದು. ಎಡಕ್ಕೊಂದು ಬಲಕ್ಕೊಂದು ಬೇರೆ ಪೈಪ್ ಎಳೀರಿ, ಫ್ರಿಜ್ಜು ಜನರೇಟರ್ ಎಲ್ಲಾ ಒಂದೇ ಪಕ್ಕ ಇದ್ರೆ ಆ ಕಡೆ ಸ್ವಲ್ಪ ಜಾಸ್ತಿ ಗಾಳಿ ಹಾಕಿ ಸಮ ಮಾಡ್ಕೋಬಹುದು. ಪೈಪು ಸೈಲೆನ್ಸರ್ ಹತ್ರ ಸುಳೀಬಾರ್ದು, ಜಾಯಿಂಟಿಗೆಲ್ಲಾ ಸೋಪಿನ ನೀರು ಹಾಕಿ ಗುಳ್ಳೆ ಬರತ್ತಾ ನೋಡಿ. ಪ್ಲೇಟ್ ಕಟ್ ಆಗಿದ್ರೆ ಏರ್ ಬ್ಯಾಗಲ್ಲಿ ಮುಚ್ಚಿಡೋಕೆ ಹೋಗ್ಬೇಡಿ.

ಹಿಂದಿನ ಎತ್ತರ ಗಟ್ಟಿಯಾದ ಮೇಲೇ ಟ್ರ್ಯಾಕ್ ಬಾರ್. ಪ್ಲೇಟ್ ಸೆಟ್ಟು, ಅದನ್ನ ಫ್ರೇಮಿಗೆ ಸೇರಿಸೋ ಶ್ಯಾಕಲ್ಲು ಎರಡೂ ಅಡ್ಡಕ್ಕೆ ಸ್ವಲ್ಪ ಬಳುಕತ್ತೆ, ಈ ಬಾರ್ ಒಂದು ತುದಿ ಫ್ರೇಮಿಗೆ ಇನ್ನೊಂದು ತುದಿ ಆಕ್ಸಲ್ಲಿಗೆ ಕಚ್ಕೊಂಡು ಅದನ್ನ ತಡೆಯತ್ತೆ. ಗಾಡಿ ನಿಂತಾಗ ಬಾರ್ ಹೆಚ್ಚುಕಮ್ಮಿ ಅಡ್ಡಕ್ಕೆ ನೇರ ಇರ್ಬೇಕು, ಓರೆ ಇದ್ರೆ ಪ್ರತಿ ಗುಂಡಿಗೂ ಅದೇ ಆಕ್ಸಲ್ಲನ್ನ ಪಕ್ಕಕ್ಕೆ ಎಳೆಯತ್ತೆ. ನನ್ನ ಗಾಡಿಗೆ ಟ್ರಕ್ ಗಾಳಿ ಕಾಟ ನಿಂತಿದ್ದು ಇದ್ರಿಂದ್ಲೇ, ಇದನ್ನ ಮೊದ್ಲೇ ಹಾಕಿದ್ರೆ ಆ ಶಾಕ್ ದುಡ್ಡು ಉಳೀತಿತ್ತು.

ಅಲೈನ್‌ಮೆಂಟ್ ಯಾವತ್ತೂ ಕೊನೇಗೆ, ಅದಕ್ಕೊಂದು ಕಾರಣ ಇದೆ. 220 ಇಂಚು ವೀಲ್‌ಬೇಸ್ ಇರೋ ಗಾಡಿ ಹಿಂದೆ 2 ಇಂಚು ಎತ್ತರ ಆದ್ರೆ ಇಡೀ ಚಾಸಿ ಮುಂದಕ್ಕೆ ಅರ್ಧ ಡಿಗ್ರಿ ಬಗ್ಗತ್ತೆ, ಮುಂದಿನ ಚಕ್ರದ ಕ್ಯಾಸ್ಟರ್, ಅಂದ್ರೆ ಸ್ಟೇರಿಂಗ್ ತಿರುಗಿಸಿದಾಗ ಚಕ್ರ ತಿರುಗೋ ಅಚ್ಚು ಹಿಂದಕ್ಕೆ ವಾಲಿರೋ ಕೋನ, ಅಷ್ಟು ಕಮ್ಮಿ ಆಗತ್ತೆ. ತಿರುಗಿಸಿ ಬಿಟ್ರೆ ಸ್ಟೇರಿಂಗ್ ತಾನಾಗೇ ನೇರಕ್ಕೆ ಬರೋದು ಈ ಕ್ಯಾಸ್ಟರಿಂದ. ಹಿಂದೆ ಚೆನ್ನಾಗಿ ಎತ್ತರಿಸಿ "ಈಗ ಇನ್ನೂ ಜಾಸ್ತಿ ಅಲೆದಾಡತ್ತೆ" ಅಂತ ತಲೆ ಕೆಡಿಸ್ಕೊಳ್ಳೋರು ಇದನ್ನ ನೋಡ್ಲಿ. ನಾನು ಮೊದಲು ಹೋದ ಅಂಗಡೀಲಿ ಟೋ (ಚಕ್ರದ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರೋದು) ಮಾತ್ರ ತಿರುಗಿಸಿ, ಉಳಿದಿದ್ದು ಅಡ್ಜಸ್ಟ್ ಆಗಲ್ಲ ಅಂತ ಕಳಿಸಿಬಿಟ್ರು. ಈ ಗಾಡೀಲಿ ಮುಂದೆ ಟ್ವಿನ್ ಐ-ಬೀಮ್ (ಒಂದೊಂದು ಚಕ್ರಕ್ಕೆ ಒಂದೊಂದು ತೊಲೆ), ಮೇಲಿನ ಬಾಲ್ ಜಾಯಿಂಟ್ ಹತ್ರ ಇರೋ ಸ್ಲೀವ್ ಬದಲಾಯಿಸಿ ಕ್ಯಾಸ್ಟರ್, ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲಿರೋದು) ಸರಿ ಮಾಡ್ಬೇಕು, ಅದು ಗೊತ್ತಿರೋ ಟ್ರಕ್ ಅಂಗಡೀನೇ ಹುಡುಕಿ. ಸಾಮಾನು ತುಂಬ್ಕೊಂಡೇ ಹೋಗಿ, ಕ್ಯಾಸ್ಟರ್ 5 ಡಿಗ್ರಿ ಆಸುಪಾಸು ಕೇಳಿ, ರೋಡು ಬಲಕ್ಕೆ ಇಳಿಜಾರಿರೋದ್ರಿಂದ ಬಲಗಡೆ ಚೂರು ಜಾಸ್ತಿ ಇರ್ಲಿ, ಮುಂಚಿನ ನಂತರದ ಎರಡೂ ಪ್ರಿಂಟ್ ಇಸ್ಕೊಳ್ಳಿ.

ಸ್ಟೇರಿಂಗ್ ಸ್ಟೆಬಿಲೈಸರ್ (ಸ್ಟೇರಿಂಗ್ ಕುಲುಕಾಟ ತಡೆಯೋ ಶಾಕ್ ಥರದ್ದು) ಬೇಕಾ ಅಂದ್ರೆ, ಮುಂದಿನ ಟೈರ್ ಸಿಡಿದಾಗ ಕೈ ಕೊಡ್ದೇ ಇರೋಕೆ ಒಳ್ಳೇದು, ಇದೆಲ್ಲಾ ಆದ ಮೇಲೆ ದುಡ್ಡು ಉಳಿದಿದ್ರೆ ಹಾಕಿ. ಒಂದೊಂದು ಕೆಲಸ ಆದಾಗ್ಲೂ ಅದೇ ರೋಡಲ್ಲಿ ಅದೇ ಸ್ಪೀಡಲ್ಲಿ ಓಡಿಸಿ ನೋಡಿ, ಎಲ್ಲಾ ಒಟ್ಟಿಗೆ ಹಾಕ್ಬಿಟ್ರೆ ಯಾವುದು ಕೆಲಸ ಮಾಡ್ತು ಅಂತ್ಲೇ ಗೊತ್ತಾಗಲ್ಲ. ಈಗ ನಾನು ಟ್ರಕ್ ಪಕ್ಕ ಒಂದೇ ಕೈಲಿ ಆರಾಮಾಗಿ ಹೋಗ್ತೀನಿ. ಸ್ಟೀಲ್ ಡಬ್ಬಿಗಳ ಸದ್ದು ಮಾತ್ರ ಹಾಗೇ ಇದೆ, ಅದಕ್ಕೆ ಯಾವ ಪಾರ್ಟೂ ಇಲ್ಲ, ಡಬ್ಬಿ ಮಧ್ಯೆ ಹಳೇ ಟವಲ್ ತುರುಕಿ.