ಮುತ್ತುಗದ ಹಳೇ ಹೆಸರು ಹಿಡಿದು ಹೊರಟರೆ

ಹಳೆಯ ಪುಸ್ತಕಗಳಲ್ಲಿರುವ ಗಿಡಮರಗಳ ಚಿತ್ರ ನೋಡುವುದು ನನಗೆ ಸಂಜೆಯ ಚಟ. ಪಿಂಟರೆಸ್ಟ್‌ನಲ್ಲಿ ಇಂಥವು ರಾಶಿ ರಾಶಿ ಸಿಗುತ್ತವೆ, ನಿಜ. ಆದರೆ ಯಾವ ಪುಸ್ತಕದ್ದು, ಯಾರು ಬರೆದದ್ದು ಅಂತ ಹೇಳುವವರು ಅಲ್ಲಿ ಕಡಿಮೆ. ಎಷ್ಟೋ ಸಲ ಮೂಲದಲ್ಲಿ ಇಲ್ಲದ ಬಣ್ಣವನ್ನೂ ತುಂಬಿರುತ್ತಾರೆ. ಹಾಗಾಗಿ ನಾನು ಸೀದಾ ಪುಸ್ತಕಕ್ಕೇ ಹೋಗುತ್ತೇನೆ. ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಅಂತ ಒಂದು ತಾಣವಿದೆ. 2006ರಲ್ಲಿ ಶುರುವಾದದ್ದು. ದೊಡ್ಡ ದೊಡ್ಡ ಗ್ರಂಥಾಲಯಗಳು ಅಲ್ಲಿ ತಮ್ಮ ಹಳೇ ಪುಸ್ತಕಗಳನ್ನು ಪುಟ ಪುಟವೂ ಸ್ಕ್ಯಾನ್ ಮಾಡಿ ಹಾಕಿವೆ. ದುಡ್ಡು ಕೇಳುವುದಿಲ್ಲ.

ಅಲ್ಲಿ ‘ಮುತ್ತುಗ’ ಅಂತ ಹೊಡೆದರೆ ಏನೂ ಬರುವುದಿಲ್ಲ. ವೈಜ್ಞಾನಿಕ ಹೆಸರು ಬೇಕು, ಅದರಲ್ಲೂ ಹಳೆಯದು. ಮುತ್ತುಗ ಈಗ ಬ್ಯುಟಿಯಾ ಮೋನೋಸ್ಪರ್ಮಾ. ಇನ್ನೂರು ವರ್ಷದ ಹಿಂದಿನ ಪುಸ್ತಕದಲ್ಲಿ ಅದು ಬ್ಯುಟಿಯಾ ಫ್ರಾಂಡೋಸಾ. ಸಂಪಿಗೆ ಈಗ ಮ್ಯಾಗ್ನೋಲಿಯಾ, ಆಗ ಮಿಶೆಲಿಯಾ. ಹಲಸಿಗೂ ಆಗ ಬೇರೆ ಹೆಸರು, ಆರ್ಟೋಕಾರ್ಪಸ್ ಇಂಟೆಗ್ರಿಫೋಲಿಯಾ. ಈ ಹಳೇ ಹೆಸರುಗಳ ಪಟ್ಟಿ ಲಂಡನ್ನಿನ ಕ್ಯೂ ಉದ್ಯಾನದವರ ‘ಪ್ಲಾಂಟ್ಸ್ ಆಫ್ ದ ವರ್ಲ್ಡ್ ಆನ್‌ಲೈನ್’ ತಾಣದಲ್ಲಿ ಸಿಗುತ್ತದೆ. ನಾನು ಮೊದಲು ಅಲ್ಲಿ ನೋಡಿಕೊಂಡು ಆಮೇಲೆ ಲೈಬ್ರರಿಯ ತಾಣಕ್ಕೆ ಬರುತ್ತೇನೆ.

ಹುಡುಕಿದಾಗ ಚಿತ್ರದ ಪುಟವೇ ಬರುತ್ತದೆ ಅಂತಿಲ್ಲ. ಚಿತ್ರದ ಕೆಳಗಿನ ಹೆಸರು ಕೈಬರಹದ ಹಾಗೆ ಕೂಡಿಸಿ ಬರೆದ ಅಕ್ಷರದಲ್ಲಿದ್ದರೆ ಕಂಪ್ಯೂಟರ್ ಅದನ್ನು ಸರಿಯಾಗಿ ಓದುವುದಿಲ್ಲ. ಸಿಗುವುದು ವಿವರಣೆಯ ಪುಟ. ಅದೇ ಒಳ್ಳೆಯದಾಯಿತು ಅಂತೀನಿ. ವಿವರಣೆಯಲ್ಲಿ ಚಿತ್ರದ ಸಂಖ್ಯೆ ಕೊಟ್ಟಿರುತ್ತಾರೆ. ಅದನ್ನು ಹಿಡಿದು ಪುಟ ಸರಿಸಿಕೊಂಡು ಹೋದರೆ, ದಾರಿಯಲ್ಲಿ ನಾವು ಹುಡುಕದೇ ಇದ್ದ ಹತ್ತಾರು ಗಿಡ ಕಣ್ಣಿಗೆ ಬೀಳುತ್ತವೆ.

ಮುತ್ತುಗದಿಂದಲೇ ಹೊರಟರೆ ಈಸ್ಟ್ ಇಂಡಿಯಾ ಕಂಪನಿಯ ಸಸ್ಯವಿಜ್ಞಾನಿ ವಿಲಿಯಂ ರಾಕ್ಸ್‌ಬರ್ಗ್‌ನ ‘ಕೋರಮಂಡಲ ತೀರದ ಸಸ್ಯಗಳು’ ಸಿಗುತ್ತದೆ. ಮೂರು ಸಂಪುಟ, 300 ಚಿತ್ರ, 1795ರಿಂದ 1820ರವರೆಗೆ ಲಂಡನ್ನಿನಲ್ಲಿ ಅಚ್ಚಾದದ್ದು. ಚಿತ್ರವನ್ನು ಪೂರ್ತಿ ದೊಡ್ಡದು ಮಾಡಿ ನೋಡಿ. ಮೊಬೈಲ್ ಸಾಲದು, ದೊಡ್ಡ ಪರದೆ ಬೇಕು. ತಾಮ್ರದ ತಗಡಿನ ಕೆತ್ತನೆಯಲ್ಲಿ ಗೆರೆ ದಪ್ಪಗಾಗಿ ಮತ್ತೆ ಕೂದಲಿನಷ್ಟು ತೆಳ್ಳಗಾಗುತ್ತದೆ. ಮೇಲೆ ಹಚ್ಚಿದ ಬಣ್ಣ ಕೈಯಿಂದ ತುಂಬಿದ್ದು. ಹಾಗಾಗಿ ಒಂದೇ ಪುಸ್ತಕದ ಎರಡು ಪ್ರತಿಯಲ್ಲಿ ಬಣ್ಣ ಒಂದೇ ಥರ ಇರಬೇಕೆಂದಿಲ್ಲ. ಬೇರೆ ಗ್ರಂಥಾಲಯದ ಪ್ರತಿಯೂ ಸ್ಕ್ಯಾನ್ ಆಗಿದ್ದರೆ ಎರಡನ್ನೂ ಅಕ್ಕಪಕ್ಕ ತೆರೆದು ನೋಡುತ್ತೇನೆ. ಹೀಗೆ ನೋಡುತ್ತಾ ಕೂತರೆ ಊಟದ ಹೊತ್ತು ಮೀರುತ್ತದೆ. ಹೂವಿನ ದಳ, ಕೇಸರ, ಕಾಯಿ ಎಲ್ಲ ಬಿಡಿಸಿ ಬೇರೆ ಬೇರೆ ತೋರಿಸಿರುತ್ತಾರೆ. ಅವು ಯಾವುದೆಂದು ವಿವರಣೆ ಓದಿದರೇ ತಿಳಿಯುವುದು.

ಈ ಪುಸ್ತಕದ ಚಿತ್ರಗಳನ್ನು ಬರೆದವರು ನಮ್ಮ ದೇಶದ ಕಲಾವಿದರು. ಅವರ ಹೆಸರು ಪುಸ್ತಕದಲ್ಲಿ ಇಲ್ಲ. ಇದು ನನಗೆ ಇಷ್ಟವಾಗದ ಸಂಗತಿ.

ಅದಕ್ಕೇ ನನಗೆ ವೈಟ್‌ನ ಪುಸ್ತಕ ಜಾಸ್ತಿ ಹಿಡಿಸಿದ್ದು. ರಾಬರ್ಟ್ ವೈಟ್ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ. ಮದರಾಸಿನಲ್ಲಿ 1838ರಿಂದ 1853ರವರೆಗೆ ‘ಐಕೋನ್ಸ್’ ಅನ್ನುವ ಪುಸ್ತಕವನ್ನು ಬಿಡಿ ಭಾಗಗಳಾಗಿ ತಂದ. ಆರು ಸಂಪುಟ, 2101 ಚಿತ್ರ. ಎಲ್ಲ ಕಲ್ಲಚ್ಚು, ಹೆಚ್ಚಿನವು ಬರೀ ಕಪ್ಪು ಗೆರೆ. ರಾಕ್ಸ್‌ಬರ್ಗ್‌ನ ಬಣ್ಣ ನೋಡಿ ಬಂದವರಿಗೆ ಇದು ಸಪ್ಪೆ ಅನ್ನಿಸಬಹುದು. ಸ್ವಲ್ಪ ತಡೆದುಕೊಳ್ಳಿ. ಎಷ್ಟೋ ಚಿತ್ರಗಳ ಕೆಳಮೂಲೆಯಲ್ಲಿ ಸಣ್ಣಕ್ಷರದಲ್ಲಿ ‘ರಂಗಯ್ಯ’ ಅಥವಾ ‘ಗೋವಿಂದು’ ಅಂತ ಇರುತ್ತದೆ, ಇಂಗ್ಲಿಷಿನಲ್ಲಿ. ಇವರೇ ಬರೆದವರು. ವೈಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆರನೇ ಸಂಪುಟದಲ್ಲಿ ಒಂದು ಆರ್ಕಿಡ್ ಕುಲಕ್ಕೆ ‘ಗೋವಿಂದೂಯಿಯಾ’ ಅಂತ ಹೆಸರಿಟ್ಟ. ಆ ಹೆಸರು ಈಗ ಬಳಕೆಯಲ್ಲಿಲ್ಲ, ಗಿಡವನ್ನು ಟ್ರೊಪಿಡಿಯಾ ಕುಲಕ್ಕೆ ಸೇರಿಸಿದ್ದಾರೆ. ಇರಲಿ, ಒಬ್ಬ ಚಿತ್ರಗಾರನ ಹೆಸರು ಗಿಡಕ್ಕೆ ಬಿತ್ತಲ್ಲ!

ಈ ಸಹಿಗಳು ಕಂಡ ಮೇಲೆ ನಾನು ಚಿತ್ರ ನೋಡುವ ಕ್ರಮವೇ ಬದಲಾಯಿತು. ಮೊದಲು ಮೂಲೆ, ಆಮೇಲೆ ಹೂವು. ಹಾಗೆ ನೋಡುತ್ತಾ ಹೋದರೆ ಇದು ಇಂಥವರ ಕೈ ಅಂತ ಸಹಿ ಓದುವ ಮೊದಲೇ ಊಹಿಸುವ ಆಸೆಯಾಗುತ್ತದೆ. ನನಗೆ ಆ ಕಲೆ ಇನ್ನೂ ಒಲಿದಿಲ್ಲ.

ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ‘ಹಾರ್ಟಸ್ ಮಲಬಾರಿಕಸ್’ ಅನ್ನುವ ಮಲಬಾರಿನ ಗಿಡಗಳ ಪುಸ್ತಕ ಇದೆ. ಕೊಚ್ಚಿಯಲ್ಲಿದ್ದ ಡಚ್ ಗವರ್ನರ್ ವಾನ್ ರೀಡ್ ಮಾಡಿಸಿದ್ದು. ಆಮ್‌ಸ್ಟರ್‌ಡ್ಯಾಮಿನಲ್ಲಿ 1678ರಿಂದ 1693ರವರೆಗೆ ಹನ್ನೆರಡು ಸಂಪುಟ ಬಂತು. ಇಲ್ಲಿ ಗಿಡದ ಹೆಸರು ಚಿತ್ರದ ಮೇಲೇ ಇದೆ, ಒಂದಕ್ಕಿಂತ ಹೆಚ್ಚು ಲಿಪಿಗಳಲ್ಲಿ. ಹುಡುಕುವಾಗ ಡಚ್ಚರ ಕಿವಿಗೆ ಬಿದ್ದ ಹಾಗೆ ಹೆಸರು ಹಾಕಬೇಕು. ಮುತ್ತುಗ ‘ಪ್ಲಾಸೋ’, ಸಂಪಿಗೆ ‘ಚಂಪಕಂ’. ಕೊಂಕಣಿ ಬಲ್ಲವರು ಮೊದಲ ಸಂಪುಟದ ಆರಂಭದ ಪುಟಗಳನ್ನು ತಪ್ಪದೆ ತೆರೆಯಿರಿ. ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ವೈದ್ಯರು ಈ ಪುಸ್ತಕಕ್ಕೆ ನೆರವಾದ ಬಗ್ಗೆ ಬರೆದುಕೊಟ್ಟ ಕೊಂಕಣಿ ಹೇಳಿಕೆ ನಾಗರಿ ಲಿಪಿಯಲ್ಲೇ ಅಚ್ಚಾಗಿದೆ. ಇಟ್ಟಿ ಅಚ್ಯುತನ್ ವೈದ್ಯರ ಹೇಳಿಕೆಯೂ ಇದೆ.

ಇಳಿಸಿಕೊಳ್ಳುವಾಗ ಬರೀ ಚಿತ್ರ ಬೇಡ, ವಿವರಣೆಯ ಪುಟವೂ ಜೊತೆಗಿರಲಿ. ಬೇಕಾದ ಪುಟಗಳನ್ನಷ್ಟೇ ಆರಿಸಿ ಪಿಡಿಎಫ್ ಮಾಡಿಕೊಳ್ಳಬಹುದು. ಫೈಲಿಗೆ ಪುಸ್ತಕ, ಸಂಪುಟ, ಚಿತ್ರದ ಸಂಖ್ಯೆ, ಚಿತ್ರ ಬರೆದವರ ಹೆಸರು ಇಷ್ಟನ್ನೂ ಆಗಲೇ ಹಾಕಿಬಿಡಿ. ಪ್ರಿಂಟ್ ತೆಗೆಸುವವರು ಕಾಗದದ ಹಳದಿಯನ್ನು ಬಿಳಿ ಮಾಡಲು ಹೋಗಬೇಡಿ. ಹಾಗೆ ಮಾಡಿದರೆ ತೆಳು ಗೆರೆಗಳು ಮೊದಲು ಮಾಯವಾಗುತ್ತವೆ. ಹೊಳೆಯುವ ಫೋಟೋ ಪೇಪರ್‌ಗಿಂತ ಮ್ಯಾಟ್ ಕಾಗದ ವಾಸಿ.